ಹಾಲು ಕರೆಯುವ ಹೊತ್ತಿನ ಹೂವು

ಕಾಫಿ ಲೋಟವನ್ನು ಪಿಕಪ್ಪಿನ ಬಾನೆಟ್ಟಿನ ಮೇಲಿಟ್ಟು ಓರ್ವಿನ್ ಸ್ಕೋಗನ್ ರಸ್ತೆಬದಿಯ ತಗ್ಗಿನಲ್ಲಿ ಮಂಡಿಯೂರಿ ಕೂತು ಬಾಡಿದ ಹೂವೊಂದರ ಎಸಳುಗಳನ್ನು ಎಣಿಸುತ್ತಿದ್ದ. ಬಾಡಿದ ಹೂವು ಎಣಿಸಿಕೊಳ್ಳಲು ಒಪ್ಪುವುದಿಲ್ಲವೆಂಬುದು ಅವನಿಗೆ ಅರವತ್ತು ದಾಟಿದ ಮೇಲೆ ಈಗ ತಿಳಿಯುತ್ತಿತ್ತು. ಎಸಳುಗಳು ಒದ್ದೆ ಕಾಗದದ ಹಾಗೆ ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಬಿಡಿಸಿದರೆ ಹರಿಯುತ್ತಿದ್ದವು. ಹರಿದದ್ದು ಇನ್ನೊಂದು ಎಸಳೋ, ಅದೇ ಎಸಳಿನ ಅರ್ಧವೋ ಹೇಳುವಂತಿರಲಿಲ್ಲ. ಒಮ್ಮೆ ಮೂರು ಬಂತು, ಒಮ್ಮೆ ಐದು. ಬರಬೇಕಾದದ್ದು ನಾಲ್ಕು. ಸಂಚಾರಿ ಗ್ರಂಥಾಲಯದ ವ್ಯಾನಿನಿಂದ ತಂದ ಪುಸ್ತಕದಲ್ಲಿ ಹಾಗೆಂದು ಸ್ಪಷ್ಟವಾಗಿತ್ತು: ಹಳದಿ ಎಸಳು ನಾಲ್ಕು, ತುದಿಯಲ್ಲಿ ಸ್ವಲ್ಪ ಸೀಳು, ನಡುವೆ ಅಡ್ಡ-ಉದ್ದ ಗೀಟೆಳೆದ ಹಾಗೆ ಶಿಲುಬೆಯಾಕಾರದ ಶಲಾಕೆಯ ತುದಿ, ಕೆಳಗೆ ಹಿಂದಕ್ಕೆ ಮಡಿಚಿಕೊಂಡ ಹಸಿರು ಪುಷ್ಪಪತ್ರ. ಹೂವಿನ ತೊಟ್ಟು ಎಂದು ಕಾಣುವುದು ತೊಟ್ಟಲ್ಲ, ಹೂವಿನದೇ ಉದ್ದನೆಯ ಕೊಳವೆ. ಕಾಯಿ ಅದರ ಬುಡದಲ್ಲಿ, ಕಾಂಡಕ್ಕೆ ಅಂಟಿಕೊಂಡು ಕೂತಿರುತ್ತದೆ. ಸಂಜೆ ಪ್ರಿಮ್‌ರೋಸ್. ಈ ಸೀಮೆಯದೇ ಗಿಡ, ಯಾರೂ ತಂದು ನೆಟ್ಟದ್ದಲ್ಲ. ಪುಸ್ತಕ ಓದುವಾಗ ಎಲ್ಲವೂ ಇದೇ ಎನ್ನಿಸಿತ್ತು. ಈಗ ಗಿಡದ ಮುಂದೆ ಕೂತರೆ ಯಾವುದೂ ಅದಲ್ಲ ಎನ್ನಿಸುತ್ತಿತ್ತು. ಪುಸ್ತಕದ ಚಿತ್ರದಲ್ಲಿ ಗಿಡ ಮದುವೆಗೆ ಹೊರಟ ಹಾಗಿತ್ತು. ಇಲ್ಲಿಯದು ಮೋರಿಯ ಪಕ್ಕದಲ್ಲಿ, ರಸ್ತೆಯ ಧೂಳು ಮೆತ್ತಿಕೊಂಡು, ಕಾಂಡಕ್ಕೆ ಕೆಂಪು ಹತ್ತಿ, ಕೆಳಗಿನ ಎಲೆಗಳನ್ನು ಏನೋ ಕಡಿದು, ಸಾಲ ಕೇಳಲು ಬಂದವನ ಹಾಗೆ ಒಂದು ಕಡೆಗೆ ವಾಲಿ ನಿಂತಿತ್ತು.

ಗಿಡ ಹೇಗಿದ್ದರೂ ನಡೆಯುತ್ತಿತ್ತು, ಅವನು ಭಾನುವಾರ ಚರ್ಚಿನ ಕಾಫಿಯ ಹೊತ್ತಿನಲ್ಲಿ ಬಾಯಿ ಬಿಡದಿದ್ದರೆ. ಗಂಡಸರ ಮೇಜಿನಲ್ಲಿ ಹಾಲಿನ ದರದ ಮಾತು ನಡೆದಿತ್ತು. ಅಲ್ಲಿಂದ ಗೊರಸಿನ ಹುಣ್ಣು, ಅಲ್ಲಿಂದ ಹೊಸ ಪಶುವೈದ್ಯ. ಎರಡು ವರ್ಷದ ಹಿಂದಿನ ತನಕ ಓರ್ವಿನ್ ಆ ಮೇಜಿನಲ್ಲಿ ಗೊರಸಿನ ವಿಷಯಕ್ಕೆ ಕೊನೆಯ ಮಾತು ಹೇಳುವವನಾಗಿದ್ದ. ಹಸುಗಳನ್ನು ಮಾರಿದ ಮೇಲೂ ಅವನ ಕುರ್ಚಿಯನ್ನು ಯಾರೂ ತೆಗೆದಿರಲಿಲ್ಲ. ಆದರೆ ಗೊರಸಿನ ಮಾತು ಬಂದಾಗಲೆಲ್ಲ ಲೈಲ್ ಹಾವ್‌ಲಂಡ್ ಸಕ್ಕರೆ ಡಬ್ಬಿಯನ್ನು ಮೆಲ್ಲಗೆ ಇವನ ಕಡೆ ಸರಿಸುತ್ತಿದ್ದ. ಓರ್ವಿನ್ ಕಾಫಿಗೆ ಸಕ್ಕರೆ ಹಾಕುವುದಿಲ್ಲವೆಂದು ಲೈಲ್‌ಗೆ ಮೂವತ್ತು ವರ್ಷದಿಂದ ಗೊತ್ತು. ಅದು ಕರುಣೆಯ ಸಕ್ಕರೆ. ಮೂರನೆಯ ಸಲ ಡಬ್ಬಿ ಬಂದಾಗ ಇವನ ಬಾಯಿಂದ ಇವನಿಗೇ ಗೊತ್ತಿಲ್ಲದೆ ಮಾತು ಹೊರಬಿತ್ತು. "ನಮ್ಮ ರಸ್ತೆ ಪಕ್ಕ ಮೋರಿ ಹತ್ರ ಒಂದು ಹೂವಿದೆ. ಸಂಜೆ ಹೊತ್ತು ಮುಳುಗುವಾಗ ಕಣ್ಣೆದುರಿಗೇ ಅರಳುತ್ತೆ. ಯಾರೋ ಕಣ್ಣು ಬಿಟ್ಟ ಹಾಗೆ, ಪಟ್ಟಂತ." ಹೆಂಡತಿಯ ಅಣ್ಣ ಡೆಲ್ಮರ್, ಇವನ ಪಕ್ಕದ ಹೊಲದವನು, ಲೋಟ ಕೆಳಗಿಟ್ಟು ಕೇಳಿದ: "ನೀನು ನೋಡಿದೀಯಾ?"

"ನೋಡಿದೀನಿ," ಎಂದ ಓರ್ವಿನ್.

ನೋಡಿರಲಿಲ್ಲ.

ನೋಡಿರಲಿಲ್ಲವೆಂಬುದು ಆ ಮಾತು ಬಾಯಿಂದ ಹೊರಟು ಮೇಜು ಮುಟ್ಟುವುದರೊಳಗೇ ನೆನಪಾಗಿತ್ತು. ಆದರೆ ಡೆಲ್ಮರ್ ಆಗಲೇ ನಗುತ್ತಿದ್ದ. "ಶುಕ್ರವಾರ ನಾನು ರಸ್ತೆ ಎರಡೂ ಕಡೆ ಹುಲ್ಲು ಕೊಯ್ಯೋನು. ಗುರುವಾರ ಸಂಜೆ ತೋರಿಸು. ನೀನು ಹೇಳಿದ ಹಾಗೆ ನನ್ನ ಕಣ್ಣೆದುರಿಗೆ ಅರಳಿದ್ರೆ ಅಲ್ಲಿ ಮೊವರ್ ಎತ್ತಿ ಗಿಡ ಬಿಟ್ಟು ಹೋಗ್ತೀನಿ. ಇಲ್ಲಾಂದ್ರೆ ನನ್ನ ಕರುಗಳಿಗೆ ಹೂವಿನ ಊಟ." ಪಕ್ಕದ ಮೇಜಿನಿಂದ ಹೆಂಗಸರು ತಿರುಗಿ, ಗುರುವಾರವಾದರೆ ತಾವೂ ಬರುತ್ತೇವೆ, ಏನಾದರೂ ಮಾಡಿಕೊಂಡು ಬರುತ್ತೇವೆ ಎಂದರು. ನಮ್ಮ ಕಡೆ ಏನಾದರೂ ಮಾಡಿಕೊಂಡು ಬರುತ್ತೇವೆ ಎಂದರೆ ಆಯಿತು, ಅದನ್ನು ಇನ್ನು ದೇವರೂ ತಪ್ಪಿಸಲಾರ. ಮಿಸೆಸ್ ಟ್ವೀಟನ್ ಕೂಡ ತಲೆಯಾಡಿಸಿದರು. ಅವರಿಗೆ ಎಂಬತ್ತನಾಲ್ಕು. ಓರ್ವಿನ್‌ಗೆ ಚಿಕ್ಕಂದಿನಲ್ಲಿ ಚರ್ಚಿನ ಭಾನುವಾರದ ಪಾಠ ಹೇಳಿದವರು. ಸುಳ್ಳು ಹೇಳಬಾರದೆಂಬ ಪಾಠವನ್ನೂ ಹೇಳಿಯೇ ಇದ್ದಿರಬೇಕು.

ಇವತ್ತೇ ಆ ಗುರುವಾರ. ರಸ್ತೆಯಲ್ಲಿ ಜಲ್ಲಿಯ ಸದ್ದಾಯಿತು. ಡೆಲ್ಮರನ ಗಾಡಿ. ಸ್ಟಿಯರಿಂಗಿನ ಮೇಲಿಂದ ಒಂದು ಬೆರಳು ಎತ್ತಿದ, ಅದು ನಮಸ್ಕಾರ. ಮಂಡಿಯೂರಿದ ಓರ್ವಿನ್ ಹೂವಿದ್ದ ಕೈಯಿಂದಲೇ ಒಂದು ಬೆರಳು ಎತ್ತಿದ. ಗಾಡಿ ಮುಂದೆ ಹೋಗಿ, ನಿಂತು, ಹಿಂದಕ್ಕೆ ಬಂತು.

"ಏನು ಕಳಕೊಂಡೆ?"

"ಏನಿಲ್ಲ."

"ಹುಡುಕ್ತಾ ಇರೋ ಹಾಗಿದೆ."

"ಸುಮ್ನೆ."

ಡೆಲ್ಮರ್ ಕಿಟಕಿಯಿಂದ ತಲೆ ಹೊರಗೆ ಹಾಕಿ ಇಳಿಜಾರನ್ನು ನೋಡಿದ. ಒಂದು ಕ್ಷಣ ಅವನ ಕಣ್ಣು ವಾಲಿದ ಗಿಡದ ಮೇಲೆ ಬಿತ್ತು, ಆದರೆ ನಿಲ್ಲಲಿಲ್ಲ. "ಸಂಜೆ ಹೂವು ತಪ್ಪಿಸ್ಕೊಂಡು ಓಡಿಹೋಗದ ಹಾಗೆ ಕಟ್ಟಿಹಾಕು ಮತ್ತೆ," ಎಂದು ಹೊರಟುಹೋದ. ಧೂಳು ಬಂದು ಓರ್ವಿನ್ ಮೇಲೆ, ಗಿಡದ ಮೇಲೆ, ಕಾಫಿ ಲೋಟದ ಮೇಲೆ ಸಮನಾಗಿ ಕೂತಿತು.

ಒಂದು ಮೊಗ್ಗನ್ನು ಬಲಿಕೊಡದೆ ಗತ್ಯಂತರವಿರಲಿಲ್ಲ. ಉದ್ದನೆಯ, ತುದಿ ಚೂಪಾದ ಮೊಗ್ಗೊಂದನ್ನು ಕಿತ್ತು ಜೇಬಿನ ಚಾಕುವಿನಿಂದ ಉದ್ದಕ್ಕೂ ಸೀಳಿದ. ಒಳಗೆ ಹಳದಿ ಎಸಳುಗಳು ಛತ್ರಿ ಮಡಿಸಿಟ್ಟ ಹಾಗೆ ಸುತ್ತಿಕೊಂಡಿದ್ದವು. ಬಿಡಿಸಿದ. ಒಂದು, ಎರಡು, ಮೂರು, ನಾಲ್ಕು. ಮತ್ತೆ ಎಣಿಸಿದ, ನಾಲ್ಕೇ. ನಡುವೆ ಮಡಿಚಿದ ಶಿಲುಬೆ, ಸುತ್ತ ಕೇಸರಗಳು. ಶಿಲುಬೆ ಕೇಸರಗಳಿಗಿಂತ ಮೇಲಕ್ಕೆ ಚಾಚಿಕೊಂಡಿದ್ದರೆ ಅದು ತೋಟದಿಂದ ತಪ್ಪಿಸಿಕೊಂಡು ಬಂದ ದೊಡ್ಡ ಹೂವಿನ ಜಾತಿ, ಯಾವಳೋ ಸೊಸೆ ಬೀಜದಂಗಡಿಯಿಂದ ತರಿಸಿ ಬಿತ್ತಿದ್ದು. ಕೇಸರಗಳ ನಡುವೆಯೇ ತಗ್ಗಿ ಕೂತಿದ್ದರೆ ಇಲ್ಲಿಯದು. ಇದು ತಗ್ಗಿ ಕೂತಿತ್ತು. ಓರ್ವಿನ್‌ನ ಎದೆಯಲ್ಲಿ ಒಂದು ಸಣ್ಣ ಬೆಳಕಾಯಿತು. ಕೂಡಲೇ, ಅರಳುವ ಮೊದಲು ಎಲ್ಲ ಹೂವಿನಲ್ಲೂ ಎಲ್ಲವೂ ತಗ್ಗಿಯೇ ಕೂತಿರುತ್ತದಲ್ಲವೇ ಎಂಬ ಸಂಶಯ ಬಂದು ಅದನ್ನು ಊದಿ ಆರಿಸಿತು. ಹರಾಜಿನ ದಿನ ಹೀಗೇ ಆಗಿತ್ತು. ಕೊನೆಯ ಹಸು, ಎಡಗಣ್ಣಿನ ಸುತ್ತ ಬಿಳಿ ಮಚ್ಚೆಯ ಮಾರ್ಗಿಟ್, ಟ್ರಕ್ಕಿನ ಹಲಗೆ ಏರುವಾಗ ಒಂದು ಗಳಿಗೆ ನಿಂತಳು. ಅವನ ಎದೆಯಲ್ಲಿ ಆಗ ಎದ್ದದ್ದು ದುಃಖವಲ್ಲ. ನಾಳೆ ಬೆಳಿಗ್ಗೆ ಮಲಗಿರಬಹುದು ಎಂಬ ಹಗುರ. ಎಲ್ಲರೂ ಬೆನ್ನು ತಟ್ಟಿ "ಕಷ್ಟ, ಕಷ್ಟ" ಎನ್ನುತ್ತಿದ್ದರು, ಅವನು ತಲೆ ತಗ್ಗಿಸಿ ಹಗುರವನ್ನು ಬಚ್ಚಿಟ್ಟುಕೊಂಡಿದ್ದ. ಮಾರನೆಯ ದಿನ ನಾಲ್ಕೂವರೆಗೇ ಎಚ್ಚರವಾಯಿತು. ಅದರ ಮಾರನೆಯ ದಿನವೂ. ಸಂಜೆಯಾದರೆ ಕಾಲು ತಾನಾಗಿ ಕೊಟ್ಟಿಗೆಗೆ ನಡೆಯುತ್ತಿತ್ತು. ಹಾಲು ಕರೆಯುವ ಹೊತ್ತಿನಲ್ಲಿ ಅವನು ಈಗಲೂ ಖಾಲಿ ಕೊಟ್ಟಿಗೆಯಲ್ಲಿ ರೇಡಿಯೋ ಹಚ್ಚಿ, ಯಾವುದಾದರೂ ಬಕೆಟ್ಟನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಇಟ್ಟು, ಕತ್ತಲಾದ ಮೇಲೆ ಹೊರಬರುತ್ತಿದ್ದ. ಹೆಂಡತಿ ಲವೋನ್ ಅದನ್ನು ಗಮನಿಸದ ಹಾಗೆ ಇರುವುದನ್ನು ಕಲಿತಿದ್ದಳು. ಎರಡು ಬೇಸಿಗೆ ಹೀಗೇ ಕಳೆದಿತ್ತು. ಹೂವು ಅರಳುವುದು ಸರಿಯಾಗಿ ಆ ಹೊತ್ತಿಗೆ. ಅದಕ್ಕೇ ಅವನು ನೋಡಿರಲಿಲ್ಲ. ಮೋಡ ಕವಿದ ಬೆಳಿಗ್ಗೆ ಇನ್ನೂ ಮುಚ್ಚದೆ ಉಳಿದ ಹೂಗಳನ್ನಷ್ಟೇ ಕಂಡಿದ್ದ, ರಾತ್ರಿಯೂಟ ಮುಗಿದ ಮೇಲೆ ಬಂದ ನೆಂಟ ಎಲೆ ನೋಡಿದ ಹಾಗೆ.

ಮಧ್ಯಾಹ್ನ ಲವೋನ್ ದೊಡ್ಡ ಕಾಫಿ ಪಾತ್ರೆಯನ್ನು ಉಜ್ಜುತ್ತ ಕೇಳಿದಳು: "ಎಷ್ಟು ಜನ ಬರ್ತಾರೆ?"

"ಬರದೇ ಇರಬಹುದು."

"ಅತ್ತಿಗೆ ಬೆವರ್ಲಿ ಫೋನ್ ಮಾಡಿದ್ಲು. ಖರ್ಜೂರದ ಬಾರ್ ತರ್ತಾಳಂತೆ. ಡೆಲ್ಮರ್ ಭಾನುವಾರದಿಂದ ನಗ್ತಾನೇ ಇದಾನಂತೆ." ಪಾತ್ರೆಯನ್ನು ಬೋರಲು ಹಾಕಿ ಅವನ ಕಡೆ ತಿರುಗಿದಳು. "ಅದು ನಿಜವಾಗ್ಲೂ ಹಾಗೆ ಅರಳುತ್ತಾ? ಪಟ್ಟಂತ?"

"ಪುಸ್ತಕದಲ್ಲಿದೆ."

"ಪುಸ್ತಕದಲ್ಲಿ ಇರೋದು ನಂಗೂ ಗೊತ್ತು. ನೀನು ನೋಡಿದ್ದು ಯಾವಾಗ?"

ಓರ್ವಿನ್ ಸಿಂಕಿನ ಮೇಲಿನ ಕಿಟಕಿಯಿಂದ ಹೊರಗೆ ನೋಡಿದ. ಹೊರಗೆ ನೋಡುವಂಥದ್ದು ಏನೂ ಇರಲಿಲ್ಲ. "ಗಾಳಿ ಏಳಬಹುದು," ಎಂದ. ಲವೋನ್ ಸ್ವಲ್ಪ ಹೊತ್ತು ಅವನ ಬೆನ್ನನ್ನು ನೋಡಿ, "ಏಳಬಹುದು," ಎಂದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವರು ದೊಡ್ಡ ವಿಷಯಗಳನ್ನೆಲ್ಲ ಹವಾಮಾನದ ಮೂಲಕವೇ ತೀರ್ಮಾನ ಮಾಡಿದ್ದರು.

ಸಂಜೆ ಊಟ ಮುಗಿಸಿ ಅವನು ಪಿಕಪ್ಪನ್ನು ಮೋರಿಯ ಹತ್ತಿರ ನಿಲ್ಲಿಸಲು ನೋಡಿದ. ಅಲ್ಲಿ ರಸ್ತೆಯಂಚು ಕಡಿದಾಗಿತ್ತು, ಕಾಫಿ ಪಾತ್ರೆ ವಾಲುತ್ತಿತ್ತು. ಎದುರು ಬದಿಯಲ್ಲಿ ಹೊಲಕ್ಕೆ ಇಳಿಯುವ ದಾರಿ ಸಮತಟ್ಟಾಗಿತ್ತು. ಅಲ್ಲಿ ನಿಲ್ಲಿಸಿ, ಹಿಂದಿನ ಹಲಗೆ ಇಳಿಸಿ, ಪಾತ್ರೆಯನ್ನೂ ಲೋಟಗಳನ್ನೂ ಜೋಡಿಸಿದ. ಪಕ್ಕದಲ್ಲೇ ಒಂದು ಕಂಬಳಿಗಿಡ ಆಳೆತ್ತರಕ್ಕೆ ನೆಟ್ಟಗೆ ನಿಂತಿತ್ತು: ಕಂಬಳಿಯ ಹಾಗೆ ದಪ್ಪನೆ ರೋಮದ ಎಲೆ, ಮೇಲೆ ಬೆಳ್ಳಿಬಣ್ಣದ ದಪ್ಪ ದಂಡ, ದಂಡದಲ್ಲಿ ಅಲ್ಲೊಂದು ಇಲ್ಲೊಂದು ಹಳದಿ ಹೂವು. ಹುಲ್ಲುಗಾವಲಿನ ಹಾಳು ಕಳೆ. ಅದರ ಹೂವು ಬೆಳಿಗ್ಗೆ ಅರಳಿ ಕೂತಿರುತ್ತದೆ, ಸಂಜೆ ಅರಳುವ ಪ್ರಶ್ನೆಯೇ ಇಲ್ಲ. ಅದರ ಬೀಜ ನಾರ್ವೆಯಿಂದಲೋ ಜರ್ಮನಿಯಿಂದಲೋ ಅಜ್ಜಂದಿರ ಪೆಟ್ಟಿಗೆಯ ಧೂಳಿನಲ್ಲಿ ಬಂದಿರಬೇಕು. ಓರ್ವಿನ್ ಅದರ ಕಡೆ ಗಮನವನ್ನೇ ಕೊಡಲಿಲ್ಲ. ಅವನ ಗಮನವೆಲ್ಲ ಲೋಟಗಳು ಸಾಕಾಗುತ್ತವೆಯೇ ಎಂಬುದರ ಮೇಲಿತ್ತು.

ಮೊದಲು ಬಂದವರು ಮಿಸೆಸ್ ಟ್ವೀಟನ್. ಲೈಲ್ ಮತ್ತು ಅವನ ಹೆಂಡತಿ ಆರ್ಡಿಸ್ ಅವರನ್ನು ಕಾರಿನಲ್ಲಿ ಕರೆತಂದು ಇಳಿಸಿದರು. ಲೈಲ್ ಮಡಿಸುವ ಕುರ್ಚಿಗಳನ್ನು ತೆಗೆಯುವಷ್ಟರಲ್ಲಿ ಮುದುಕಿ ಊರುಗೋಲಿಗೆ ಒರಗಿ ನಿಂತು ಪಿಕಪ್ಪನ್ನು, ಕಾಫಿಯನ್ನು, ಅದರ ಪಕ್ಕದ ಎತ್ತರದ ಗಿಡವನ್ನು ಒಂದೊಂದಾಗಿ ನೋಡಿ, ಗಿಡದ ಕಡೆ ಕೋಲು ತೋರಿಸಿ ಕೇಳಿದರು: "ಇದೇ ತಾನೇ, ಓರ್ವಿನ್?"

ಅಲ್ಲ ಎಂಬುದು ಸಣ್ಣ ಮಾತು. ಓರ್ವಿನ್ ಅದನ್ನು ಹೇಳಲೆಂದೇ ಬಾಯಿ ತೆರೆದ. ಮಿಸೆಸ್ ಟ್ವೀಟನ್‌ಗೆ ಅವನು ಹುಟ್ಟಿದಂದಿನಿಂದ ಅಲ್ಲ ಎಂದಿರಲಿಲ್ಲ. ಏಳು ವರ್ಷದವನಿದ್ದಾಗ ಅವರು ಕ್ರಿಸ್‌ಮಸ್ ನಾಟಕಕ್ಕೆ "ನೀನು ಕುರಿಯಾಗ್ತೀಯಲ್ಲ?" ಎಂದು ಕೇಳಿದ್ದರು. ಅವನಿಗೆ ಕುರುಬನಾಗಬೇಕಿತ್ತು, ಹೂಂ ಎಂದಿದ್ದ, ನಾಲ್ಕು ವರ್ಷ ಕುರಿಯಾಗಿದ್ದ. "ಅದೂ... ಇದೆ," ಎಂದ ಈಗ. "ಇಲ್ಲಿಂದ ಚೆನ್ನಾಗಿ ಕಾಣುತ್ತೆ." ಏನು ಚೆನ್ನಾಗಿ ಕಾಣುತ್ತದೆಂದು ಹೇಳಲಿಲ್ಲ. ಮಿಸೆಸ್ ಟ್ವೀಟನ್ ಅವನ ಮುಖವನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ, "ಹಾಗಾದ್ರೆ ಇಲ್ಲೇ ಹಾಕಪ್ಪ ಕುರ್ಚಿ," ಎಂದು ಲೈಲ್‌ಗೆ ಹೇಳಿ, ಕಂಬಳಿಗಿಡಕ್ಕೆ ಮುಖ ಮಾಡಿ, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಲೈಲ್ ತನ್ನ ಕುರ್ಚಿಯನ್ನು ಅವರ ಪಕ್ಕದಲ್ಲಿ ಹಾಕಿದ. ಆರ್ಡಿಸ್ ಅವನ ಪಕ್ಕದಲ್ಲಿ. ಡೆಲ್ಮರ್ ಬಂದ, ಸಾಲು ನೋಡಿದ, ಗಿಡ ನೋಡಿದ, ಏನೋ ಹೇಳಲು ಹೋದವನನ್ನು ಹೆಂಡತಿ ಬೆವರ್ಲಿ ಮೊಣಕೈಯಿಂದ ತಿವಿದಳು, ಅವನೂ ಕೂತ. ಲವೋನ್ ಗಂಡನ ಕಡೆ ಹುಬ್ಬೆತ್ತಿದಳು. ಗಂಡ ಕಾಫಿ ಬಗ್ಗಿಸುತ್ತಿದ್ದ. ಹೀಗೆ ರಸ್ತೆಯ ಜಲ್ಲಿಯ ಮೇಲೆ ಆರು ಜನ ಒಂದು ಕಳೆಗಿಡದ ಮುಂದೆ ಪ್ರಾರ್ಥನೆಗೆ ಕೂತ ಹಾಗೆ ಸಾಲಾಗಿ ಕೂತರು. ಅವರ ಬೆನ್ನ ಹಿಂದೆ, ರಸ್ತೆಯ ಆಚೆ, ವಾಲಿದ ಗಿಡ ಒಂಟಿಯಾಗಿ ನಿಂತಿತ್ತು. ಅದರ ಹಿಂದೆ, ಹೊಲದಾಚೆ, ಓರ್ವಿನ್‌ನ ಖಾಲಿ ಕೊಟ್ಟಿಗೆ.

ಕಾಫಿ ಒಂದು ಸುತ್ತು ಆಯಿತು. ಬೆವರ್ಲಿ ಚೌಕ ಚೌಕವಾಗಿ ಕತ್ತರಿಸಿದ ಬಾರ್‌ಗಳ ತಟ್ಟೆ ದಾಟಿಸಿದಳು.

"ಎಲೆ ಏನು ಮೆತ್ತಗಿದೆ," ಎಂದಳು ಆರ್ಡಿಸ್.

"ನೆಟ್ಟಗೂ ಇದೆ," ಎಂದ ಲೈಲ್.

"ಬೇರೆ ತರಾನೇ ಇದೆ," ಎಂದಳು ಬೆವರ್ಲಿ. ಬೇರೆ ತರಾ ಇದೆ ಎನ್ನುವುದನ್ನು ಈ ಸೀಮೆಯಲ್ಲಿ ಸೊಸೆ ಮಾಡಿದ ಬಾಯಿಗಿಡಲಾಗದ ಅಡಿಗೆಗೆ, ಹೊಸ ಪಾದ್ರಿಯ ಮೊದಲ ಪ್ರವಚನಕ್ಕೆ ಹೇಳುತ್ತಾರೆ. ಓರ್ವಿನ್‌ಗೆ ಕಿವಿ ಬಿಸಿಯಾಯಿತು.

"ಅಲ್ಲಿ ಏನೋ ಅಲ್ಲಾಡ್ತು," ಎಂದ ಡೆಲ್ಮರ್.

"ಎಲ್ಲಿ?"

"ಆ ಮೇಲ್ಗಡೆ."

"ಜೇನ್ನೊಣ ಅದು."

"ಓ. ಜೇನ್ನೊಣ."

ಸೂರ್ಯ ಲೈಲ್‌ನ ಮೇವು ತುಂಬುವ ಗೋಪುರದ, ಸೈಲೋದ, ಹಿಂದಕ್ಕೆ ಇಳಿದ. ಬೆಳಕು ಮೆಲ್ಲಗೆ ಜೇನಿನ ಬಣ್ಣಕ್ಕೆ ತಿರುಗಿತು. ಓರ್ವಿನ್ ಸಾಲಿನ ತುದಿಯ ಕುರ್ಚಿಯಲ್ಲಿ ಕೂತಿದ್ದ. ಅವನ ಪ್ರಜ್ಞೆಯೆಲ್ಲ ಕತ್ತಿನ ಹಿಂಭಾಗಕ್ಕೆ ಬಂದು ನಿಂತಿತ್ತು. ಈಗಲೇ ಹೇಳಬಹುದು. ಮಿಸೆಸ್ ಟ್ವೀಟನ್, ನೀವು ತಪ್ಪು ಗಿಡ ನೋಡುತ್ತಿದ್ದೀರಿ. ಆದರೆ ಹಾಗೆಂದರೆ ಎಂಬತ್ತನಾಲ್ಕು ವರ್ಷದವರಿಗೆ ಇಷ್ಟು ಜನರ ಮುಂದೆ ಅವಮಾನ. ಇಷ್ಟು ಹೊತ್ತು ಯಾಕೆ ಹೇಳಲಿಲ್ಲ ಎಂದು ಕೇಳಿದರೆ? ತೋರಿಸಿದ ಮೇಲೆ ಆ ವಾಲಿದ್ದೂ ಅರಳದಿದ್ದರೆ? ಒಂದು ಸಂಜೆಯಲ್ಲಿ ಎರಡು ಗಿಡದ ಮುಂದೆ ಮೂರ್ಖನಾಗುವುದಕ್ಕಿಂತ ಒಂದರ ಮುಂದೆ ಆಗುವುದು ವಾಸಿ. ನಾಳೆ ಡೆಲ್ಮರ್ ನಗುತ್ತ ಮೊವರ್ ಹತ್ತುತ್ತಾನೆ, ವಾಲಿದ ಗಿಡ ಮಲಗುತ್ತದೆ. ಮುಂದಿನ ಭಾನುವಾರ ಸಕ್ಕರೆ ಡಬ್ಬಿ ಬರುತ್ತದೆ. ಇನ್ನು ಸಾಯುವ ತನಕ ಬರುತ್ತಲೇ ಇರುತ್ತದೆ. ಅವನು ಕತ್ತು ತುರಿಸಿಕೊಳ್ಳುವವನ ಹಾಗೆ ಹಿಂದಕ್ಕೆ ತಿರುಗಿದ. ಗಿಡದ ತುದಿಯ ಮೊಗ್ಗುಗಳು ಮಧ್ಯಾಹ್ನಕ್ಕಿಂತ ದಪ್ಪಗಾಗಿದ್ದವು. ಒಂದರ ಹಸಿರು ಹೊದಿಕೆ ಪಕ್ಕದಲ್ಲಿ ಬಿರಿದು, ಸೀಳಿನಲ್ಲಿ ಹಳದಿ ಗೆರೆಯೊಂದು ಕಾಣುತ್ತಿತ್ತು. ಲಂಗದಂಚಿನ ಹಾಗೆ. ನೋಡುತ್ತಿದ್ದಂತೆ ಗೆರೆ ಅಗಲವಾಯಿತೋ, ಅವನ ಕಣ್ಣೇ ತುಂಬಿತೋ, ಗೊತ್ತಾಗಲಿಲ್ಲ.

ಓರ್ವಿನ್ ಎದ್ದು ನಿಂತ. ತನ್ನ ಕುರ್ಚಿಯನ್ನು ಎತ್ತಿದ. ಅದನ್ನು ಪೂರ್ತಿ ಹಿಂದುಮುಂದು ತಿರುಗಿಸಿ, ಎಲ್ಲರಿಗೂ ಬೆನ್ನು ಹಾಕಿ, ಕೂತ.

ಅವನ ಜೀವಮಾನದಲ್ಲಿ ಅದಕ್ಕಿಂತ ಒರಟಾದ ಕೆಲಸವನ್ನು ಅವನು ಮಾಡಿರಲಿಲ್ಲ. ಹಿಂದೆ ಲೋಟದ ಸದ್ದೂ ನಿಂತಿತು.

"ಓರ್ವಿನ್?" ಲವೋನ್ ಪಿಸುಗುಟ್ಟಿದಳು. "ಏನಾಯ್ತು?"

"ಏನಿಲ್ಲ."

ಬೆವರ್ಲಿ, ತನ್ನ ಪಿಸುಮಾತು ಯಾರಿಗೂ ಕೇಳಿಸುವುದಿಲ್ಲವೆಂದು ಐವತ್ತು ವರ್ಷದಿಂದ ನಂಬಿಕೊಂಡು ಬಂದವಳು, ಹೇಳಿದಳು: "ಕೊಟ್ಟಿಗೆ ನೋಡ್ತಾ ಇದಾನೆ. ಪಾಪ. ಹಾಲು ಕರೆಯೋ ಹೊತ್ತಲ್ವಾ. ಡೆಲ್ಮರ್, ಹೋಗಿ ಏನಾದ್ರೂ ಮಾತಾಡು."

ಅಲ್ಲ, ಕೊಟ್ಟಿಗೆಯಲ್ಲ ಎಂದು ಓರ್ವಿನ್ ಹೇಳಬೇಕೆಂದಿದ್ದ. ಆದರೆ ಅವಳು ಹೇಳಿದ ಮೇಲೆ ಗಿಡದ ಹಿಂದೆ ಕೊಟ್ಟಿಗೆಯೂ ಕಂಡಿತು, ಅದರ ಕಪ್ಪು ಬಾಗಿಲು, ಎರಡು ವರ್ಷದಲ್ಲಿ ಮೊದಲ ಸಲ ಹೊರಗಿನಿಂದ ಈ ಬೆಳಕಿನಲ್ಲಿ. ಸುಣ್ಣದ ಗೋಡೆ ಗುಲಾಬಿಯಾಗಿತ್ತು. ಅದು ಇಷ್ಟು ಚಂದ ಕಾಣುವುದಾಗಿದ್ದರೆ ಒಳಗೆ ಕೂತು ಬಕೆಟ್ ಸರಿಸುತ್ತಿದ್ದದ್ದಾದರೂ ಯಾಕೆ? ಡೆಲ್ಮರ್ ಎರಡು ಲೋಟ ಕಾಫಿ ಹಿಡಿದು ಸುತ್ತಿ ಬಂದು ಅವನ ಎದುರಿಗೆ ನಿಂತ. ಸರಿಯಾಗಿ ಗಿಡಕ್ಕೆ ಅಡ್ಡ. ಡೆಲ್ಮರ್ ಅಗಲವಾದ ಮನುಷ್ಯ.

"ಇಗೋ, ಕಾಫಿ."

"ಹೂಂ."

"ನಮ್ಮಪ್ಪನೂ ಹಸು ಮಾರಿದ ಮೇಲೆ ಹೀಗೇ ಇದ್ದ. ಕೊನೆಗೆ ಕೋಳಿ ಸಾಕಿದ."

"ಹೂಂ."

"ಕೋಳಿ ಅಷ್ಟೇನೂ ಕೆಟ್ಟದ್ದಲ್ಲ."

ಡೆಲ್ಮರನ ಎರಡು ಕಾಲುಗಳ ನಡುವಿನ ಸಂದಿಯಲ್ಲಿ ಗಿಡದ ಬುಡ ಮಾತ್ರ ಕಾಣುತ್ತಿತ್ತು. ಓರ್ವಿನ್ ಎಡಕ್ಕೆ ಬಾಗಿದ. ಡೆಲ್ಮರ್ ಅವನು ಕಣ್ಣೀರು ಮರೆಸುತ್ತಿದ್ದಾನೆಂದು ತಿಳಿದು ತಾನೂ ಎಡಕ್ಕೆ ಬಾಗಿ ಕಾಫಿ ಹಿಡಿದ. ಬಲಕ್ಕೆ ಬಾಗಿದ, ಬಲಕ್ಕೂ ಕಾಫಿ ಬಂತು.

"ಡೆಲ್ಮರ್," ಎಂದ ಓರ್ವಿನ್. ಇಡೀ ರಸ್ತೆಗೆ ಕೇಳಿಸುವಂಥ ದನಿ. ಹಿಂದೆ ಕಟ್ಟು ಬಿಚ್ಚಿಕೊಂಡ ಹೋರಿಗೆ ಮಾತ್ರ ಬಳಸುತ್ತಿದ್ದದ್ದು. "ಆಚೆ ನಿಲ್ಲೋ ಮಾರಾಯ!"

ಡೆಲ್ಮರ್ ಕಾಫಿ ಚೆಲ್ಲಿಕೊಂಡು ಆಚೆ ಹಾರಿದ. ಹೂವು ಅರಳಿತ್ತು. ಈಗಷ್ಟೇ ಅರಳಿದ್ದರಿಂದ ಇನ್ನೂ ತೂಗುತ್ತಿತ್ತು. ತಿಳಿ ನಿಂಬೆಯ ಹಳದಿ, ನಾಲ್ಕು ಎಸಳು, ನಡುವೆ ಶಿಲುಬೆ, ಕೇಸರಗಳ ನಡುವೆ ತಗ್ಗಿಯೇ ಕೂತಿದ್ದದ್ದು. ಬುಡದಲ್ಲಿ ಹಸಿರು ಪುಷ್ಪಪತ್ರಗಳು ಹಿಂದಕ್ಕೆ ಮಡಿಚಿಕೊಂಡಿದ್ದವು. ಯಾವ ಪುಸ್ತಕವೂ ಬೇಕಿರಲಿಲ್ಲ. ಗಿಡ ಈಗ ವಾಲಿದ್ದಾಗಿಯೂ ಕಾಣಲಿಲ್ಲ.

ಡೆಲ್ಮರ್ ಒದ್ದೆ ಪ್ಯಾಂಟನ್ನು ಝಾಡಿಸುವುದನ್ನು ಮರೆತು ನೋಡಿದ. "ಇದು ಆಗಲೇ ಹೀಗಿತ್ತಾ?"

"ಇಲ್ಲ."

"ಹ್ಮ್," ಎಂದ ಡೆಲ್ಮರ್. ಆಮೇಲೆ ದನಿ ತಗ್ಗಿಸಿ, ಸಾಲಿನ ಕಡೆ ಕಣ್ಣು ಹಾಯಿಸಿ, "ಮತ್ತೆ ಅದು?"

ಓರ್ವಿನ್ ಎದ್ದ. ಟೊಪ್ಪಿ ತೆಗೆದ. ಮಿಸೆಸ್ ಟ್ವೀಟನ್ ಕಂಬಳಿಗಿಡದಿಂದ ಕಣ್ಣು ಕೀಳದೆ ನೆಟ್ಟಗೆ ಕೂತಿದ್ದರು. "ಮಿಸೆಸ್ ಟ್ವೀಟನ್," ಎಂದ, "ಕ್ಷಮಿಸಬೇಕು. ನೀವು ಎಲ್ಲರೂ ತಪ್ಪು ಗಿಡ ನೋಡ್ತಾ ಇದೀರಿ. ಅದು ಕಂಬಳಿಗಿಡ. ಅದು ಸಂಜೆ ಅರಳೋದಿಲ್ಲ. ಹೂವು ಇರೋದು ಈ ಕಡೆ."

"ಕಂಬಳಿಗಿಡ ಅಂತ ನಂಗೆ ಗೊತ್ತಿಲ್ವೇನೋ?" ಎಂದರು ಮಿಸೆಸ್ ಟ್ವೀಟನ್. "ಎಂಬತ್ತು ವರ್ಷ ಹೊಲದಿಂದ ಅದನ್ನ ಕಿತ್ತು ಕಿತ್ತು ಕೈ ಸೋತಿದೆ."

"ನಂಗೂ ಗೊತ್ತಿತ್ತು," ಎಂದ ಲೈಲ್.

"ಎಲ್ರಿಗೂ ಗೊತ್ತಿತ್ತು," ಎಂದಳು ಆರ್ಡಿಸ್.

"ಮತ್ತೆ ಯಾಕೆ ಕೂತಿದ್ರಿ?"

"ನೀನು ಇದನ್ನೇ ಹೂವು ಅಂದ್ಕೊಂಡಿದೀಯ ಅಂತ," ಎಂದರು ಮಿಸೆಸ್ ಟ್ವೀಟನ್. "ಹಸು ಮಾರಿದ ಮೇಲೆ ನಿಂಗೆ ಏನೋ ಒಂದು ಹಿಡಿಸಿದೆಯಲ್ಲ, ಅದಕ್ಕೂ ಕಲ್ಲು ಹಾಕೋದ್ಯಾಕೆ ಅಂತ. ಕತ್ತಲಾದ ಮೇಲೆ, ಓ ಅರಳ್ತು ನೋಡಿ ಅಂತ ನಾನೇ ಹೇಳ್ತಿದ್ದೆ. ಇವರೆಲ್ಲ ಹೌದು ಹೌದು ಅನ್ನೋರು. ಮನೆಗೆ ಹೋಗ್ತಿದ್ವಿ." ಅವರು ಊರುಗೋಲು ಎತ್ತಿದರು. "ಈಗ ಮಾತು ಸಾಕು. ನನ್ನ ತಿರುಗಿಸಿ."

ಲೈಲ್ ಒಂದು ಕಡೆ, ಡೆಲ್ಮರ್ ಒಂದು ಕಡೆ ಹಿಡಿದು ಮುದುಕಿಯನ್ನು ಕುರ್ಚಿ ಸಮೇತ ಎತ್ತಿ ತಿರುಗಿಸಿದರು. ಉಳಿದವರು ಕುರ್ಚಿ ತರುವಷ್ಟರಲ್ಲಿ ಇನ್ನೊಂದು ಹೂವು ಅರಳಿತು. ನೀವು ಮುಂದೆ ಕೂತ್ಕೊಳ್ಳಿ, ಇಲ್ಲ ಇಲ್ಲ ನೀವು, ನಂಗೆ ಇಲ್ಲಿಂದಾನೇ ಕಾಣುತ್ತೆ ಎಂಬ ಉಪಚಾರ ಮುಗಿಯುವಷ್ಟರಲ್ಲಿ ಮತ್ತೆರಡು. ಯಾರೂ ಯಾವುದನ್ನೂ ಅರಳುವಾಗ ಕಾಣಲಿಲ್ಲ. ಎಲ್ಲರೂ ಕೂತು ಕಣ್ಣೆತ್ತಿದಾಗ ತುದಿಯಲ್ಲಿ ಒಂದೇ ಒಂದು ಮೊಗ್ಗು ಉಳಿದಿತ್ತು.

"ಇದಕ್ಕೆ ಇನ್ನೆಷ್ಟು ಹೊತ್ತಪ್ಪ?" ಎಂದು ಮಿಸೆಸ್ ಟ್ವೀಟನ್ ಕೇಳಿದರು. "ನೀನು ನೋಡಿದೀಯಲ್ಲ."

ಡೆಲ್ಮರ್ ಅವನ ಕಡೆ ನೋಡಿದ. ಈಗ ಹೂಂ ಎನ್ನುವುದು ಸುಲಭವಾಗಿತ್ತು. ಹೂವೇ ಅವನ ಪರವಾಗಿ ಸಾಕ್ಷಿ ಹೇಳಿಯಾಗಿತ್ತು. ಇನ್ನು ಅವನ ಮಾತನ್ನು ಯಾರೂ ಜಾಲಾಡುವುದಿಲ್ಲ. ಇನ್ನೊಂದು ಐದು ನಿಮಿಷ ಎಂದರೆ ಸಾಕು, ಐದಲ್ಲದಿದ್ದರೆ ಹತ್ತು, ಹೂವಿಗೇನು ಗಡಿಯಾರವಿದೆಯೇ. ಓರ್ವಿನ್ ಟೊಪ್ಪಿಯನ್ನು ಕೈಯಲ್ಲಿ ಒಂದು ಸುತ್ತು ತಿರುಗಿಸಿದ.

"ನಾನು ನೋಡಿಲ್ಲ," ಎಂದ. "ಯಾವತ್ತೂ ನೋಡಿಲ್ಲ. ಭಾನುವಾರ ಸುಮ್ನೆ ಹೇಳಿಬಿಟ್ಟೆ. ಹಾಲು ಕರೆಯೋ ಹೊತ್ತು. ನಾನು ಒಳಗಿರ್ತಿದ್ದೆ." ಅದೂ ಹೇಳಲೇಬೇಕಾಗಿದ್ದರಿಂದ, "ಈಗ್ಲೂ ಒಳಗೇ ಇರ್ತೀನಿ," ಎಂದ.

ಲವೋನ್ ಅವನ ಕೈಯಿಂದ ಟೊಪ್ಪಿ ತೆಗೆದು ತನ್ನ ಮಡಿಲಲ್ಲಿ ಇಟ್ಟುಕೊಂಡಳು.

"ನಾನೂ ನೋಡಿಲ್ಲ," ಎಂದ ಲೈಲ್. "ಇವತ್ತು ಮಗ ಹಾಲು ಕರೀತಾ ಇದಾನೆ. ಇಲ್ಲಾಂದ್ರೆ ಈಗ ನಾನೂ ಒಳಗೇ."

"ಈ ರಸ್ತೇಲೇ ಹುಟ್ಟಿದೋಳು ನಾನು," ಎಂದರು ಮಿಸೆಸ್ ಟ್ವೀಟನ್. "ಈ ಗಿಡಾನ ಚಿಕ್ಕಂದಿನಿಂದ ನೋಡಿದೀನಿ. ಬೆಳಿಗ್ಗೆ ಹೊತ್ತು. ಬಾಡಿದ್ದು. ಇಂಥ ಮುಸುಡಿ ಇಟ್ಕೊಂಡು ಯಾಕಾದ್ರೂ ಹುಟ್ತೋ ಅಂದ್ಕೊಳ್ತಿದ್ದೆ." ಅವರು ಕೈಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡರು. "ಸುಮ್ನಿರಿ ಈಗ."

ಸುಮ್ಮನಾದರು. ಬೂದುಬಣ್ಣದ ದೊಡ್ಡ ಪತಂಗವೊಂದು ಎಲ್ಲಿಂದಲೋ ಬಂದು ಅರಳಿದ ಹೂಗಳ ಮುಂದೆ ಗಾಳಿಯಲ್ಲೇ ನಿಂತು, ಉದ್ದನೆಯ ನಾಲಗೆ ಇಳಿಸಿ, ಒಂದರಿಂದ ಇನ್ನೊಂದಕ್ಕೆ ಹೋಯಿತು. ಮೊಗ್ಗು ಒಮ್ಮೆ ನಡುಗಿತು. ಹಸಿರು ಹೊದಿಕೆ ಪಕ್ಕದಲ್ಲಿ ಬಿರಿದು ಹಳದಿ ಉಬ್ಬಿ ಬಂತು, ನಿಂತಿತು, ನಿಂತೇ ಇತ್ತು, ಆರ್ಡಿಸ್ ಉಸಿರು ಬಿಡಲು ಮರೆತು ಕೆಮ್ಮಿದಳು. ಆಮೇಲೆ ಯಾರೋ ಒಳಗಿನಿಂದ ಅಗುಳಿ ತೆಗೆದ ಹಾಗೆ ಹೊದಿಕೆ ಛಕ್ಕನೆ ಹಿಂದಕ್ಕೆ ಮಡಿಚಿಕೊಂಡಿತು, ಸುತ್ತಿದ ಎಸಳುಗಳು ತಿರುಗುತ್ತ ಬಿಚ್ಚಿಕೊಂಡು ಅಗಲವಾದವು. ಓರ್ವಿನ್ ನೋಡಿದ. 

"ಓ," ಎಂದರು ಮಿಸೆಸ್ ಟ್ವೀಟನ್. ಬಹಳ ಹೊತ್ತಾದ ಮೇಲೆ ಬೆವರ್ಲಿ ಹೇಳಿದಳು: "ಪರವಾಗಿಲ್ಲ." ಈ ಸೀಮೆಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

ಡೆಲ್ಮರ್ ಎದ್ದು ಇಳಿಜಾರಿಗೆ ಇಳಿದ. ಹದಿನೈದು ದಿನದಿಂದ ಒಂದು ಹನಿ ಬಿದ್ದಿರಲಿಲ್ಲ. ಅವನ ಬೂಟಿನ ಕೆಳಗೆ ಹುಲ್ಲು ಹಪ್ಪಳದ ಹಾಗೆ ಪುಡಿಯಾಯಿತು. ಒಂದು ಎಳೆ ಕಿತ್ತು ಬೆರಳುಗಳ ನಡುವೆ ಮಡಿಸಿದ. ಅದು ಕಟಕ್ಕೆಂದು ಮುರಿದದ್ದು ಎಲ್ಲರಿಗೂ ಕೇಳಿಸಿತು.

"ನಾಳೆ ಈ ಕಡೆ ಕೊಯ್ಯೋಕಾಗಲ್ಲ," ಎಂದ ಡೆಲ್ಮರ್. "ಇನ್ನೂ ಹಸಿ ಇದೆ."

"ಹಸಿ ಇದೆ," ಎಂದ ಲೈಲ್.

"ತುಂಬಾ ಹಸಿ," ಎಂದ ಓರ್ವಿನ್.

"ಬೀಜ ಉದುರೋ ತನಕ ಹಸೀನೇ ಇರುತ್ತೆ," ಎಂದು ಮಿಸೆಸ್ ಟ್ವೀಟನ್ ಖಾಲಿ ಲೋಟವನ್ನು ಕಾಫಿಗೆ ಮುಂದೆ ಹಿಡಿದರು.